ಈ ವಚನ ಯಾರದು?

ಷೇಕ್ಸ್‌ಪಿಯರನ ನಾಟಕ ಬರೆದದ್ದು ಷೇಕ್ಸ್‌ಪಿಯರನೇ ಹೌದೋ ಅಲ್ಲವೋ ಎಂಬ ಜಗಳಕ್ಕೆ ನೂರೈವತ್ತು ವರ್ಷ ದಾಟಿದೆ. ನಮ್ಮ ಕಡೆ ವಚನಗೋಷ್ಠಿ ಇಡುವವರಿಗೂ ಅಂಥದೊಂದು ಪ್ರಶ್ನೆ ಇದ್ದೇ ಇದೆ. ಅದರ ಸುತ್ತ ತಪ್ಪು ತಿಳಿವಳಿಕೆಯೂ ಬೆಳೆದಿದೆ.

ತಪ್ಪು ಕಲ್ಪನೆ: ವಚನ ಯಾರದೆಂದು ಕೇಳಿದರೆ ಬಸವಣ್ಣನವರನ್ನೇ ಅಲ್ಲಗಳೆದಂತೆ.
ವಾಸ್ತವ: ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಬಾಗೇವಾಡಿಯನ್ನೂ ಮಾದಿರಾಜನನ್ನೂ ಅವನ ಮಗ ಬಸವನನ್ನೂ ಹೆಸರಿಸುತ್ತದೆ. ಅವರು ಇದ್ದರೇ ಎಂಬುದು ಇಲ್ಲಿ ಚರ್ಚೆಯೇ ಅಲ್ಲ. ಅವರ ಹೆಸರಿನಲ್ಲಿ ಓಡಾಡುವ ವಚನಗಳಲ್ಲಿ ಯಾವುದು ಅವರದು ಎಂಬುದಷ್ಟೇ ಪ್ರಶ್ನೆ.

ತಪ್ಪು ಕಲ್ಪನೆ: ವಚನದ ಕೊನೆಯ ಅಂಕಿತ ಸಿಕ್ಕರೆ ಕರ್ತೃ ಸಿಕ್ಕಂತೆ.
ವಾಸ್ತವ: ಅಂಬಿಗರ ಚೌಡಯ್ಯನ ಹಾಗೆ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡವರು ಕಡಿಮೆ. ಹೆಚ್ಚಿನವರದು ಇಷ್ಟದೈವದ ಹೆಸರು. ಹೀಗಾಗಿ ಏನನ್ನೋ ಬರೆದು ಕೊನೆಗೆ ಬಸವಣ್ಣನವರ ಅಂಕಿತ ಕೂಡಲಸಂಗಮದೇವ ಎಂದು ಸೇರಿಸುವುದು ಯಾರಿಗೂ ಕಷ್ಟವಲ್ಲ, ಇಂದಿಗೂ ಸೇರಿಸುತ್ತಲೇ ಇದ್ದಾರೆ. ನಮಗೆ ಸಿಕ್ಕಿರುವ ಓಲೆಗರಿಗಳೂ ಶರಣರ ಕೈಬರಹವಲ್ಲ, ಶತಮಾನಗಳ ಮೇಲೆ ಎತ್ತಿದ ಪ್ರತಿಗಳು. ಒಬ್ಬ ಪ್ರತಿಕಾರ ಸಾಲು ಬಿಟ್ಟ, ಇನ್ನೊಬ್ಬ ಸೇರಿಸಿದ. ಒಂದೇ ವಚನ ಇಬ್ಬರ ಅಂಕಿತದಲ್ಲಿ ಸಿಗುವುದೂ ಉಂಟು. ವಿಜಯಪುರದಲ್ಲಿದ್ದು ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಸಿಂದಗಿ ಸೀಮೆಯವರೇ ಆದ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟಗಳು, ಒಟ್ಟು 15, ಬಂದದ್ದು 1993ರಲ್ಲಿ. ನಡುವಿನ ಎಪ್ಪತ್ತು ವರ್ಷ ಪ್ರತಿಗೆ ಪ್ರತಿ ಹಿಡಿದು ನೋಡುವ ದುಡಿಮೆಯಲ್ಲಿ ಹೋಯಿತು.

ತಪ್ಪು ಕಲ್ಪನೆ: ಶೂನ್ಯಸಂಪಾದನೆ ಅನುಭವ ಮಂಟಪದ ನಡಾವಳಿ ಪುಸ್ತಕ.
ವಾಸ್ತವ: 15ನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಪೋಣಿಸಿ ಕಟ್ಟಿದ ಸಂವಾದ ಅದು. ಆಮೇಲೆ ಮೂವರು ಅದನ್ನು ಪರಿಷ್ಕರಿಸಿದರು.

ತಪ್ಪು ಕಲ್ಪನೆ: ಶರಣೆಯರ ವಚನ ಗಂಡಂದಿರು ಬರೆದುಕೊಟ್ಟದ್ದು.
ವಾಸ್ತವ: ಇದಕ್ಕೆ ಪುರಾವೆಯೇ ಇಲ್ಲ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಐಕ್ಯಳಾದಳೆನ್ನುವ, ಬಸವಣ್ಣನವರ ಮಡದಿ ನೀಲಮ್ಮನ ಅಂಕಿತ ಸಂಗಯ್ಯ, ದನಿಯೂ ಅವಳದೇ.

ತಪ್ಪು ಕಲ್ಪನೆ: ‘ಗರತಿಯ ಹಾಡು’ ಹಲಸಂಗಿ ಗೆಳೆಯರು ರಚಿಸಿದ್ದು.
ವಾಸ್ತವ: ವಚನವಲ್ಲದ ಜನಪದ ಹಾಡಿಗೂ ಇದೇ ಪ್ರಶ್ನೆ. ಇಂಡಿ ಭಾಗದ ಆ ಗೆಳೆಯರು ಸಂಗ್ರಾಹಕರು. ಕಟ್ಟಿದವರು ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು.

ತಪ್ಪು ಕಲ್ಪನೆ: ಅರ್ಥ ಕೆಡದಿದ್ದರೆ ಅಂಕಿತ ಬದಲಿಸಬಹುದು.
ವಾಸ್ತವ: ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಇದ್ದಲ್ಲಿ ಲಿಂಗದೇವ ಎಂದಿಟ್ಟರು. 1998ರಲ್ಲಿ ಸರ್ಕಾರ ಪುಸ್ತಕ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ಪುಸ್ತಕ ನಿಷೇಧಿಸುವುದಕ್ಕಿಂತ ಹಳೆಯ ಪಾಠವನ್ನು ಪಕ್ಕದಲ್ಲಿಟ್ಟು ತೋರಿಸುವುದೇ ಲೇಸೆಂದು ನನ್ನ ಮತ. ಆದರೆ ಕವಿಯ ಅಂಕಿತ ತಿದ್ದುವ ಹಕ್ಕು ಭಕ್ತಿಯಿಂದಲೂ ಬರುವುದಿಲ್ಲ.

ಮುಂದಿನ ಗೋಷ್ಠಿಯಲ್ಲಿ ವಚನ ಓದುವ ಮೊದಲು ಸಂಪುಟ, ವಚನದ ಸಂಖ್ಯೆ ಹೇಳಿರಿ. ವಾಟ್ಸಾಪ್‌ನಲ್ಲಿ ಬಂದದ್ದಾದರೆ ಸಂಪುಟದಲ್ಲಿ ಹುಡುಕಿ, ಸಿಗದಿದ್ದರೆ ಬಸವಣ್ಣನವರ ಹೆಸರಿನಲ್ಲಿ ಓದಬೇಡಿ.