ಸಂಘದ ಮೇಲ್ ಕಪಾಟಿಗೂ ಒಂದು ಪಹಣಿ ಬೇಕು

ತೋಟದ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಸಾಲಕ್ಕೆ ಹೋದ ದಿನ ಏನಾಗುತ್ತದೆಂಬುದು ಬೆಳೆಗಾರ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ. ಅಂಥದೇ ತೊಡಕು ಸಹಕಾರಿ ಸಂಘಗಳ ಕಂಪ್ಯೂಟರಿನೊಳಗೂ ಇರಬಹುದು. ಅದು ಸದಸ್ಯರ ಕಣ್ಣಿಗೆ ಬೀಳುವುದಿಲ್ಲ, ಆದರೆ ನಷ್ಟ ತಟ್ಟುವುದು ಸದಸ್ಯರಿಗೇ.

1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದ ಕಾಲದಲ್ಲಿ ಸಂಘಗಳ ವ್ಯವಹಾರ ಕಾಗದದಲ್ಲಿ ನಡೆಯುತ್ತಿತ್ತು. ಬಂದ ಪತ್ರಕ್ಕೆ ಆವಕ ಪುಸ್ತಕದಲ್ಲಿ ನಂಬರು ಬೀಳುತ್ತಿತ್ತು, ಯಾವ ಗುಮಾಸ್ತರ ಕೈಗೆ ಹೋಯಿತೆಂಬುದೂ ಅಲ್ಲೇ ಕಾಣುತ್ತಿತ್ತು. ಈಗ ಬೆಳೆವಿಮೆಯ ತಕರಾರು, ಚಾಲಿ ಅಡಿಕೆಯ ತೂಕದ ದೂರು, ಕಾಫಿ ಮಾದರಿಯ ವರದಿ ಇವೆಲ್ಲ ಇ-ಮೇಲಿನಲ್ಲಿ ಬಂದು ಹಲವರು ಹಂಚಿಕೊಂಡ ಫೋಲ್ಡರುಗಳಲ್ಲಿ ಬೀಳುತ್ತವೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂಬ ಮೇಲ್ ಸರ್ವರಿನಲ್ಲಿ ಇವಕ್ಕೆ ಪಬ್ಲಿಕ್ ಫೋಲ್ಡರ್ ಎಂದು ಹೆಸರು. 1996ರಿಂದಲೂ ಈ ಸೌಕರ್ಯವಿದೆ. ಹಲವರು ಕೈಹಾಕುವ ಕಪಾಟು ಎಂದು ತಿಳಿದರಾಯಿತು. ಯಾರು ಓದಬಹುದು, ಯಾರು ಬರೆಯಬಹುದು ಎಂದು ನಿರ್ಧರಿಸುವವನೇ ಅದರ ‘ಓನರ್’.

ನಮ್ಮ ಕಡೆಯ ಒಂದು ಸಂಘದಲ್ಲಿ ವಿಮೆಯ ದೂರುಗಳ ಫೋಲ್ಡರಿಗೆ ಓನರ್ ಆಗಿದ್ದವರು ನಿವೃತ್ತರಾದರು, ಅವರ ಖಾತೆಯನ್ನೂ ಅಳಿಸಿದರು. ಹೊಸ ಗುಮಾಸ್ತರಿಗೆ ಆ ಫೋಲ್ಡರು ಕಾಣುತ್ತಲೇ ಇರಲಿಲ್ಲ. ಒಂದು ಮಳೆಗಾಲದ ಕೊಳೆರೋಗದ ದೂರುಗಳೆಲ್ಲ ಒಳಗೇ ಕುಳಿತವು. ನನ್ನದೂ ಒಂದು ಅದರಲ್ಲಿತ್ತು. ಕೇಳಿದರೆ ‘ಬಂದೇ ಇಲ್ಲ’ ಎಂಬ ಉತ್ತರ. ಸರ್ವರು ನೋಡಿಕೊಳ್ಳುವವರು ಹೊಸ ಓನರನ್ನು ಸೇರಿಸಬಹುದಿತ್ತು. ಆದರೆ ಅದು ಅನಾಥವಾಗಿದೆಯೆಂದು ಅವರಿಗೆ ತಿಳಿಸುವ ಪಟ್ಟಿಯೇ ಇರಲಿಲ್ಲ.

ಒಂದೊಂದೇ ಫೋಲ್ಡರು ತೆರೆದು ಕೈಯಿಂದ ಪಟ್ಟಿ ಬರೆಯುವುದು ಆಗದ ಕೆಲಸ. ಪವರ್‌ಶೆಲ್‌ನಲ್ಲಿ ನಾಲ್ಕಾರು ಸಾಲಿನ ಆದೇಶ, ಅಂದರೆ ಸ್ಕ್ರಿಪ್ಟ್, ಬರೆದಿಟ್ಟರೆ ಯಂತ್ರವೇ ಮಾಡುತ್ತದೆ. ಗೆಟ್-ಪಬ್ಲಿಕ್‌ಫೋಲ್ಡರ್ ಎಂಬ ಆದೇಶಕ್ಕೆ ‘ರಿಕರ್ಸ್’ ಸೇರಿಸಿದರೆ ಬುಡದಿಂದ ತುದಿಯವರೆಗಿನ ಒಳಫೋಲ್ಡರುಗಳೂ ಬರುತ್ತವೆ. ‘ರಿಸಲ್ಟ್‌ಸೈಜ್ ಅನ್‌ಲಿಮಿಟೆಡ್’ ಎಂದೂ ಹೇಳಬೇಕು, ಇಲ್ಲವಾದರೆ ದೊಡ್ಡ ಪಟ್ಟಿ ಅರ್ಧಕ್ಕೆ ನಿಂತೀತು. ಬಳಿಕ ಪ್ರತಿಯೊಂದಕ್ಕೂ ಗೆಟ್-ಪಬ್ಲಿಕ್‌ಫೋಲ್ಡರ್‌ಕ್ಲಯಂಟ್‌ಪರ್ಮಿಷನ್ ಓಡಿಸಿದರೆ ಹಕ್ಕುದಾರರ ಹೆಸರು ಸಿಗುತ್ತದೆ. ಎಕ್ಸ್‌ಪೋರ್ಟ್-ಸಿಎಸ್‌ವಿಯಿಂದ ಎಲ್ಲವನ್ನೂ ಎಕ್ಸೆಲ್‌ನಲ್ಲಿ ತೆರೆಯುವಂತೆ ಇಳಿಸಬಹುದು.

ಎಡವುವುದು ಇಲ್ಲಿಯೇ. ಬಹಳ ಮಂದಿ ‘ಓನರ್ ಇರುವ ಸಾಲುಗಳನ್ನು ಮಾತ್ರ ತೆಗೆ’ ಎಂದು ಬರೆಯುತ್ತಾರೆ. ಹಾಗೆ ಮಾಡಿದರೆ ಓನರ್ ಇಲ್ಲದ ಫೋಲ್ಡರು ಪಟ್ಟಿಯಿಂದಲೇ ಮಾಯ! ನಾವು ಹುಡುಕುತ್ತಿರುವುದು ಅದನ್ನೇ ಅಲ್ಲವೆ? ಆದುದರಿಂದ ಪ್ರತಿ ಫೋಲ್ಡರಿಗೂ ಒಂದು ಸಾಲು ಬೀಳಲೇಬೇಕು, ಓನರ್ ಇಲ್ಲದಿದ್ದರೆ ಆ ಕಾಲಂ ಖಾಲಿ ಇರಲಿ. ಹೆಸರಿನ ಜಾಗದಲ್ಲಿ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಕಂಡರೆ ಆ ಖಾತೆ ಅಳಿಸಿಹೋಗಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ‘ಡೀಫಾಲ್ಟ್’ ಎಂಬುದು ಯಾವ ಮನುಷ್ಯನ ಹೆಸರೂ ಅಲ್ಲ. ಅದಕ್ಕೆ ಓನರ್ ಅಧಿಕಾರವಿದ್ದರೆ ಕಚೇರಿಯ ಎಲ್ಲರೂ ಯಜಮಾನರೇ.

ಇನ್ನೊಂದು ಮಾತು. ಒಳಫೋಲ್ಡರು ಹುಟ್ಟುವಾಗ ಮೇಲಿನದರ ಹಕ್ಕುಗಳನ್ನು ನಕಲು ಮಾಡಿಕೊಳ್ಳುತ್ತದೆ. ಆಮೇಲೆ ಮೇಲಿನದನ್ನು ಮಾತ್ರ ಬದಲಿಸಿದರೆ ಒಳಗಿನವು ತಾವಾಗಿ ಬದಲಾಗುವುದಿಲ್ಲ. ಒಂದು ಸರ್ವೆ ನಂಬರಿನ ಖಾತೆ ಬದಲಾಯಿಸಿ ಉಳಿದವನ್ನು ಮರೆತ ಹಾಗೆ. ಗೆಟ್-ಪಬ್ಲಿಕ್‌ಫೋಲ್ಡರ್‌ಸ್ಟ್ಯಾಟಿಸ್ಟಿಕ್ಸ್‌ನಿಂದ ಪತ್ರಗಳ ಸಂಖ್ಯೆ, ಕೊನೆಯ ಬದಲಾವಣೆಯ ದಿನಾಂಕ ತೆಗೆದು ಪಕ್ಕದಲ್ಲಿಟ್ಟರೆ ಯಾವುದು ಜೀವಂತ, ಯಾವುದು ಹಳೆಯ ರದ್ದಿ ಎಂದು ತಿಳಿಯುತ್ತದೆ.

ಎಕ್ಸ್‌ಚೇಂಜ್ 2016 ಮತ್ತು 2019ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬೇರೆ ವ್ಯವಸ್ಥೆಗೆ ಹೋಗುವ ಸಂಘಗಳು ಸ್ಥಳಾಂತರಕ್ಕೆ ಮೊದಲೇ ಈ ಪಟ್ಟಿ ತೆಗೆಯತಕ್ಕದ್ದು. ಮುಂದಿನ ಮಹಾಸಭೆಯಲ್ಲಿ ನಿಮ್ಮ ಕಾರ್ಯದರ್ಶಿಯವರನ್ನು ಕೇಳಿ: ಪಟ್ಟಿ ಇದೆಯೆ, ಇದ್ದರೆ ಓನರ್ ಕಾಲಂ ಖಾಲಿ ಇರುವ ಸಾಲುಗಳೆಷ್ಟು?