ಹಡಗಿನಿಂದ ಶಾಕುಂತಲದವರೆಗೆ: ಜಾರ್ಜ್ ಫಾರ್ಸ್ಟರ್

ಕಾಳಿದಾಸನ ಶಾಕುಂತಲವನ್ನು ಓದಿ ಜರ್ಮನ್ ಕವಿ ಗಯಟೆ ಮನಸೋತನೆಂದು ನೀವು ತರಗತಿಯಲ್ಲಿ ಕೇಳಿರುತ್ತೀರಿ. ಆದರೆ ಅವನು ಓದಿದ್ದು ಸಂಸ್ಕೃತದಲ್ಲಲ್ಲ. ವಿಲಿಯಂ ಜೋನ್ಸ್ 1789ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು 1791ರಲ್ಲಿ ಜರ್ಮನ್ ಭಾಷೆಗೆ ತಂದವನು ಜಾರ್ಜ್ ಫಾರ್ಸ್ಟರ್. ಅವನು ಕವಿಯಲ್ಲ, ಭೂಗೋಳ, ಸಸ್ಯಶಾಸ್ತ್ರ ಬಲ್ಲ ವಿಜ್ಞಾನಿ.

ಫಾರ್ಸ್ಟರ್ ಹುಟ್ಟಿದ್ದು 1754ರಲ್ಲಿ, ಡಾನ್‌ಜಿಗ್ ಬಳಿ. ತಂದೆ ಪಾದ್ರಿ, ಮನಸ್ಸೆಲ್ಲ ಗಿಡಮರಗಳ ಮೇಲೆ. ಹತ್ತು ವರ್ಷದ ಮಗನೊಡನೆ ರಷ್ಯದ ವೋಲ್ಗಾ ತೀರಕ್ಕೆ ಹೋದ, ಮರುವರ್ಷ ಇಂಗ್ಲೆಂಡಿಗೆ. ಅಲ್ಲಿ ಹುಡುಗ ಲೊಮೊನೊಸೊವ್ ಬರೆದ ರಷ್ಯದ ಇತಿಹಾಸವನ್ನು ಇಂಗ್ಲಿಷಿಗೆ ಅನುವಾದಿಸಿದ. 1767ರಲ್ಲಿ ಅದು ಅಚ್ಚಾದಾಗ ಅವನಿಗೆ ಸುಮಾರು ಹದಿಮೂರು ವರ್ಷ. ಎರಡೂ ಪರಭಾಷೆಗಳೆಂಬುದನ್ನು ಗಮನಿಸಿ!

1772ರಲ್ಲಿ ಕ್ಯಾಪ್ಟನ್ ಕುಕ್‌ನ 'ರೆಸಲ್ಯೂಷನ್' ಹಡಗಿನಲ್ಲಿ ತಂದೆ ವಿಜ್ಞಾನಿಯಾಗಿ, ಹದಿನೇಳರ ಮಗ ಸಹಾಯಕನಾಗಿ, ಚಿತ್ರಕಾರನಾಗಿ ಹೊರಟರು. 1773ರ ಜನವರಿ 17ರಂದು ಹಡಗು ದಕ್ಷಿಣ ಧ್ರುವವೃತ್ತ ದಾಟಿತು. ಅದಕ್ಕೂ ಮೊದಲು ಯಾವ ಹಡಗೂ ಅದನ್ನು ದಾಟಿದ ದಾಖಲೆಯಿಲ್ಲ. ಅದೇ ತಿಂಗಳು ನಾವಿಕರು ಸಮುದ್ರದಿಂದ ಮಂಜುಗಡ್ಡೆ ಎತ್ತಿ ಕರಗಿಸಿದರು, ಸಿಕ್ಕಿದ್ದು ಸಿಹಿನೀರು. ಉಪ್ಪುಸಮುದ್ರದಲ್ಲಿ ಸಿಹಿನೀರು ಎಲ್ಲಿಂದ ಬಂತು? ನೀರ್ಗಲ್ಲು ನೆಲದ ಮೇಲೆ ಬಿದ್ದ ಹಿಮ ಒತ್ತಿ ಗಟ್ಟಿಯಾದದ್ದು. ಒಡೆದು ಕಡಲಿಗೆ ಜಾರುತ್ತದೆ. ಅದರಲ್ಲಿ ಉಪ್ಪಿಲ್ಲ. ಸಮುದ್ರದ ನೀರೇ ಹೆಪ್ಪುಗಟ್ಟಿದರೂ ಉಪ್ಪಿನ ಬಹುಪಾಲು ಹೊರಗೇ ಉಳಿಯುತ್ತದೆ.

1775ರಲ್ಲಿ ಹಿಂದಿರುಗಿದ ಮೇಲೆ ಪ್ರವಾಸದ ಕಥೆ ಯಾರು ಬರೆಯಬೇಕೆಂದು ಜಗಳ ಹುಟ್ಟಿತು. ನೌಕಾ ಇಲಾಖೆ ತಂದೆಯ ಕೈ ಕಟ್ಟಿತು. ಆದರೆ ಮಗ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ! ತಂದೆಯ ದಿನಚರಿಗಳನ್ನು ಮುಂದಿಟ್ಟುಕೊಂಡು ಹಗಲಿರುಳು ಬರೆದ. 1777ರಲ್ಲಿ, ಕುಕ್‌ನ ಪುಸ್ತಕಕ್ಕಿಂತ ಸುಮಾರು ಆರು ವಾರ ಮೊದಲೇ, ಅವನ ಇಂಗ್ಲಿಷ್ ಪುಸ್ತಕ ಹೊರಬಂತು. ದ್ವೀಪವಾಸಿಗಳ ಮೇಲೆ ನಾವಿಕರು ಗುಂಡು ಹಾರಿಸಿದ್ದನ್ನೂ ಅವನು ಮುಚ್ಚಿಡಲಿಲ್ಲ. ಆದರೆ ಕುಕ್‌ನ ಪುಸ್ತಕದಲ್ಲಿ ಅಂದವಾದ ಚಿತ್ರಫಲಕಗಳಿದ್ದವು, ಇವನದರಲ್ಲಿ ಇರಲಿಲ್ಲ. ಮಾರಾಟ ಸಾಲದೆ ಮನೆಯ ಸಾಲ ಹಾಗೇ ಉಳಿಯಿತು. (ಚಿತ್ರವಿಲ್ಲದ ಕಷ್ಟ ನಮ್ಮಂಥ ದೂರದರ್ಶನದವರಿಗೆ ಬೇಗ ಅರ್ಥವಾಗುತ್ತದೆ.)

ಮುಂದೆ ಕಾಸೆಲ್, ವಿಲ್ನಾಗಳಲ್ಲಿ ಪಾಠ ಹೇಳಿ, ಮೈನ್ಸ್ ನಗರದಲ್ಲಿ ಗ್ರಂಥಪಾಲಕನಾದ. 1790ರಲ್ಲಿ ತರುಣ ಹುಂಬೋಲ್ಟ್‌ನನ್ನು ಇಂಗ್ಲೆಂಡಿನವರೆಗೆ ಪ್ರವಾಸ ಕರೆದೊಯ್ದ. ಭೂಗೋಳ ವಿಜ್ಞಾನದಲ್ಲಿ ಮುಂದೆ ಮಹಾ ಹೆಸರು ಮಾಡಿದ ಹುಂಬೋಲ್ಟ್ ಇವನನ್ನು ಗುರುವೆಂದೇ ನೆನೆದ. ಮರುವರ್ಷವೇ ಶಾಕುಂತಲ. ಭಾರತದ ಗಿಡಬಳ್ಳಿ, ಆಚಾರಗಳನ್ನು ಜರ್ಮನ್ ಓದುಗರಿಗೆ ತಿಳಿಸುವ ಟಿಪ್ಪಣಿಗಳೂ ಅದರಲ್ಲಿದ್ದವು.

ಫ್ರಾನ್ಸಿನ ಕ್ರಾಂತಿಯನ್ನು ಫಾರ್ಸ್ಟರ್ ಮನಸಾರೆ ಒಪ್ಪಿದ್ದ. 1793ರಲ್ಲಿ ಮೈನ್ಸ್ ಗಣರಾಜ್ಯದ ಪ್ರತಿನಿಧಿಯಾಗಿ ಪ್ಯಾರಿಸಿಗೆ ಹೋದ. ಜುಲೈನಲ್ಲಿ ಮೈನ್ಸ್ ಪ್ರಷ್ಯದ ಸೇನೆಯ ಕೈಸೇರಿತು. ಹಿಂದಿರುಗುವ ದಾರಿ ಮುಚ್ಚಿತು. 1794ರ ಜನವರಿ 10ರಂದು ಪ್ಯಾರಿಸಿನಲ್ಲಿಯೇ ಕಾಯಿಲೆಯಿಂದ ತೀರಿಕೊಂಡಾಗ ಅವನಿಗೆ 39 ವರ್ಷ.