ಕೋಟೆಯಿಂದ ಕೆರೆಯವರೆಗೆ: ಕಲಬುರಗಿಯಲ್ಲಿ ಇಬ್ಬರಿಗೊಂದು ನಿಧಾನದ ದಿನ

ಕಲಬುರಗಿ: ಆಮ್‌ಸ್ಟರ್‌ಡ್ಯಾಂನಂಥ ಕಾಲುವೆಗಳ ನಗರಕ್ಕೆ ಹೋದ ದಂಪತಿ ಮೊದಲ ದಿನ ಯಾವುದನ್ನೂ ನೋಡಿ ಮುಗಿಸುವ ಅವಸರಕ್ಕೆ ಬೀಳುವುದಿಲ್ಲ. ನೀರಿನ ದಂಡೆಯಲ್ಲಿ ನಡೆದು, ಸೇತುವೆ ದಾಟಿ, ಹಸಿದಾಗ ಉಂಡು ಊರಿನ ಪರಿಚಯ ಮಾಡಿಕೊಳ್ಳುತ್ತಾರೆ. ಅಲ್ಲಿನ 17ನೇ ಶತಮಾನದ ಕಾಲುವೆ ವರ್ತುಲವು 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅದಕ್ಕಿಂತಲೂ ಹಳೆಯದಾದ ರಾಜಧಾನಿ ಕಲಬುರಗಿಯಲ್ಲಿ ಇಂಥದೊಂದು ದಿನ ಸಾಧ್ಯವೇ? ಸಾಧ್ಯ. ಆದರೆ ತೊಡಕುಗಳೂ ಇವೆ.

ಬೀದರ್ ಕಡೆಯಿಂದ ಹುಮನಾಬಾದ್ ಮಾರ್ಗವಾಗಿ ಬರುವವರಿಗೆ ಕಮಲಾಪುರವೇ ಹೆಬ್ಬಾಗಿಲು. ಭೌಗೋಳಿಕ ಸೂಚಿಕೆ ಪಡೆದ ಇಲ್ಲಿನ ಕೆಂಪು ಬಾಳೆ ಸಿಪ್ಪೆಯಲ್ಲಿ ಕೆಂಪು, ತಿರುಳಿನಲ್ಲಿ ಕೆನೆಬಣ್ಣ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಗೊಬ್ಬರ, ನೀರು, ಆರೈಕೆಯ ವೆಚ್ಚವೂ ಅಧಿಕ. ಆದ್ದರಿಂದಲೇ ಬೆಲೆ ಹೆಚ್ಚು, ಬೆಳೆಗಾರರು ಕಡಿಮೆ. ಪ್ರವಾಸಿಗರು ಕೊಳ್ಳುವ ಒಂದು ಹಣಿಗೆ ಹಣ್ಣು ಬೆಳೆಗಾರನ ಪಾಲಿಗೆ ಸಣ್ಣ ಸಂಗತಿಯಲ್ಲ. ಬೀದರ್–ಕಲಬುರಗಿ ರೈಲು ಮಾರ್ಗವು 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಬಳಿಕ ಕಮಲಾಪುರವನ್ನು ರೈಲಿನಲ್ಲಿಯೂ ತಲುಪಬಹುದು.

ನಗರದಲ್ಲಿ ದಿನವನ್ನು ಕೋಟೆಯಿಂದ ಆರಂಭಿಸುವುದು ಲೇಸು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿದು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗು ಹಿತಕರ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಈ ಊರನ್ನು ರಾಜಧಾನಿಯನ್ನಾಗಿಸಿದ. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗಳಿಗೆ ತೆರೆದ ಅಂಗಳವಿರುತ್ತದೆ, ಇದಕ್ಕೆ ಇಲ್ಲ. ಇಡೀ ಕಟ್ಟಡ ಗುಮ್ಮಟಗಳ ಚಾವಣಿಯ ಕೆಳಗಿದ್ದು, ಪಕ್ಕದ ಅಗಲ ಕಮಾನುಗಳ ಮೂಲಕ ಬೆಳಕು ಒಳಬರುತ್ತದೆ. ಕಂಬಸಾಲುಗಳ ನಡುವೆ ಸುಮ್ಮನೆ ಕುಳಿತುಕೊಳ್ಳುವವರಿಗೆ ಅರ್ಧ ಗಂಟೆ ಸರಿದುದೇ ತಿಳಿಯದು.

ಈ ಊರಿಗೂ ನೀರಿನ ಆವರಣವಿತ್ತು. ಅದೇ ಕೋಟೆಯ ಕಂದಕ. ಡಚ್ಚರ ಕಾಲುವೆಗಳು ಸರಕು ಸಾಗಣೆಗೆ ಒದಗಿದರೆ, ಇಲ್ಲಿನ ಕಂದಕ ಶತ್ರುವನ್ನು ತಡೆಯಲು ಇತ್ತು. ರಕ್ಷಣೆಯ ಕೆಲಸ ಮುಗಿದ ಮೇಲೆ ಅದು ಹೂಳು ಮತ್ತು ಗಿಡಗಂಟಿಗಳ ಪಾಲಾಯಿತು. ಕೋಟೆಯೊಳಗೆ ತಲೆಮಾರುಗಳಿಂದ ವಾಸವಾಗಿರುವ ಕುಟುಂಬಗಳ ಪ್ರಶ್ನೆ ಇನ್ನೂ ಜಟಿಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕ ಉಳಿಯಬೇಕು, ನಿವಾಸಿಗಳು ಬೀದಿಗೆ ಬೀಳಬಾರದು. ಪುನರ್ವಸತಿಯಿಲ್ಲದ ತೆರವು ಎರಡನೆಯದನ್ನು ಮರೆಯುತ್ತದೆ. ತೆರವಿಲ್ಲದ ಸಂರಕ್ಷಣೆ ಮೊದಲನೆಯದನ್ನು.

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇದ್ದರಾಯಿತು. ಜೊತೆಗಿರುವ ಬೇಳೆ ಈ ನೆಲದ ತೊಗರಿಯದು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಿದೆ. ಬಿಸಿಲು ಇಳಿದ ಮೇಲೆ ಹಫ್ತ್ ಗುಂಬಜ್‌ಗೆ ಹೋಗಬಹುದು. ಅಲ್ಲಿನ ಗೋರಿಗಳಲ್ಲಿ ಫಿರೋಜ್ ಷಾನದು ದೊಡ್ಡದು. ಅದರಲ್ಲಿ ಎರಡು ಕೋಣೆ, ಎರಡು ಗುಮ್ಮಟಗಳಿವೆ. ಸಮೀಪದಲ್ಲೇ ಖ್ವಾಜಾ ಬಂದೇ ನವಾಜ್ ದರ್ಗಾ. ಸುಲ್ತಾನ ಮತ್ತು ಸೂಫಿ ಇಬ್ಬರೂ ತೀರಿಕೊಂಡದ್ದು 1422ರಲ್ಲಿಯೇ. ಸುಲ್ತಾನನ ಗೋರಿಯಲ್ಲಿ ಮೌನ, ಸೂಫಿಯ ಬಾಗಿಲಲ್ಲಿ ಇಂದಿಗೂ ಜನಸಂದಣಿ.

ಸಂಜೆಗೆ ಶರಣಬಸವೇಶ್ವರರ ದೇವಸ್ಥಾನ ಮತ್ತು ಅದರ ಬಳಿಯ ಕೆರೆ. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು 1822ರಲ್ಲಿ ಲಿಂಗೈಕ್ಯರಾದರು. ಊರವರಿಗೆ ಅದು ‘ಅಪ್ಪನ ಕೆರೆ’. ಕಾಲುವೆ ದಂಡೆಯ ಸಂಜೆಯನ್ನು ಬಯಸುವವರಿಗೆ ಕಲಬುರಗಿ ಕೊಡಬಲ್ಲ ಉತ್ತರ ಇದೇ.

ದಖ್ಖನ್ ಸುಲ್ತಾನರ ಸ್ಮಾರಕಗಳ ಸಮೂಹದಲ್ಲಿ ಇಲ್ಲಿನ ಬಹಮನಿ ಸ್ಮಾರಕಗಳೂ 2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿ ಸ್ಥಾನ ಪಡೆದವು. ತಾತ್ಕಾಲಿಕ ಪಟ್ಟಿ ಎಂದರೆ ಮಾನ್ಯತೆಯಲ್ಲ, ಅರ್ಹತೆಯ ಸರದಿ ಮಾತ್ರ. 1420ರ ದಶಕದಲ್ಲಿ ಅಹಮದ್ ಷಾ ರಾಜಧಾನಿಯನ್ನು ಬೀದರ್‌ಗೆ ಸ್ಥಳಾಂತರಿಸಿದ. ಪ್ರವಾಸಿಗರೂ ಅದೇ ರೀತಿ ಮುಂದಿನ ಊರಿಗೆ ಹೊರಟುಬಿಡದಂತೆ ಒಂದು ರಾತ್ರಿ ಇಲ್ಲಿ ತಂಗಬೇಕಾದರೆ ಕಂದಕ ಶುಚಿಯಾಗಬೇಕು, ಸ್ಮಾರಕಗಳ ನಡುವೆ ನೆರಳಿನ ಕಾಲುದಾರಿ ಬೇಕು. ಎರಡನೆಯ ದಿನಕ್ಕೆ 2009ರಲ್ಲಿ ಲೋಕಾರ್ಪಣೆಗೊಂಡ ಬುದ್ಧ ವಿಹಾರವಂತೂ ಇದ್ದೇ ಇದೆ.